ಮಾನ್ಯ ಅಜ್ಜಿಯವರ ಮೂಲಕ

ಸಂಸತ್ತಿನಲ್ಲಿ ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನಿಗೆ ನೇರವಾಗಿ ಏನನ್ನೂ ಹೇಳುವಂತಿಲ್ಲ. ಬೈಯುವುದಿದ್ದರೂ ಸಭಾಧ್ಯಕ್ಷರ ಮೂಲಕವೇ ಬೈಯಬೇಕು. ಗುಬ್ಬಿಯ ನಮ್ಮ ಪಿಯು ಕಾಲೇಜಿನಲ್ಲಿ ಯುವ ಸಂಸತ್ತಿನ ತಾಲೀಮು ಶುರುವಾದಾಗ ರಾಜ್ಯಶಾಸ್ತ್ರದ ಅನಂತರಾಜು ಸಾರ್‌ಗೆ ದೊಡ್ಡ ತಲೆನೋವಾಗಿದ್ದು ಇದೇ. ಹುಡುಗರೆಲ್ಲ ಎದುರಿನವರ ಮುಖ ನೋಡಿಕೊಂಡು “ಲೇ, ನಿಮ್ ಸರ್ಕಾರ ಏನ್ಲಾ ಮಾಡೈತೆ?” ಎಂದು ಜಗಳಕ್ಕೇ ನಿಂತುಬಿಡುತ್ತಿದ್ದರು. ನನಗೊಬ್ಬಳಿಗೆ ಮಾತ್ರ ಅದು ನೀರು ಕುಡಿದಷ್ಟು ಸುಲಭವಾಗಿ ಬಂತು. “ಮಾನ್ಯ ಸಭಾಧ್ಯಕ್ಷರೇ, ವಿರೋಧ ಪಕ್ಷದವರಿಗೆ ದಯವಿಟ್ಟು ಬುದ್ಧಿ ಹೇಳಿ” ಎಂದೆ. ಸಾರ್ ಖುಷಿಯಾಗಿ ನನ್ನನ್ನೇ ಪ್ರಧಾನಮಂತ್ರಿ ಮಾಡಿದರು. ಅದನ್ನು ನನ್ನ ಪ್ರತಿಭೆ ಎಂದುಕೊಂಡರು, ಪಾಪ. ಅದು ನಮ್ಮ ಮನೆಯ ಅಭ್ಯಾಸ.

ಕಡಬದಲ್ಲಿ ನಮ್ಮ ಮನೆ ಒಂದೇ ಸೂರಿನ ಎರಡು ಮನೆ. ಬಲಗಡೆ ಅಪ್ಪ ವೆಂಕಟರಂಗಯ್ಯ, ಎಡಗಡೆ ಚಿಕ್ಕಪ್ಪ ಅಂಜನಮೂರ್ತಿ, ನಡುವೆ ಸಿಮೆಂಟಿಟ್ಟಿಗೆಯ ಗೋಡೆ. ಮನೆ ಹಿಂದಿನ ತೆಂಗಿನ ತೋಟವೂ ಎರಡು ಪಾಲು, ಆದರೆ ಬೋರ್‌ವೆಲ್ ಒಂದೇ. ಒಂದು ದಿನ ನಮ್ಮ ನೀರು, ಒಂದು ದಿನ ಅವರ ನೀರು. ಇನ್ನೊಂದು ಬೋರು ಯಾರೂ ಕೊರೆಸಬಾರದು ಎಂದು ಪಾಲಾದ ದಿನವೇ ಮಾತಾಗಿತ್ತು. ಆರು ವರ್ಷದ ಹಿಂದೆ ಮೋಟರ್ ಸುಟ್ಟಿತು. ಯಾರ ಸರದಿಯಲ್ಲಿ ಸುಟ್ಟಿತು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಅವತ್ತಿನಿಂದ ಅಣ್ಣತಮ್ಮ ಮಾತು ಬಿಟ್ಟರು.

ಮಾತು ಬಿಟ್ಟರೆಂದರೆ ಮಾತೇ ಇಲ್ಲವೆಂದಲ್ಲ. ಕೂಡು ಬೋರು ಇಟ್ಟುಕೊಂಡು ಮಾತಿಲ್ಲದೆ ಇರಲು ಸಾಧ್ಯವೇ? ಎಲ್ಲ ಮಾತೂ ಹೊಂಬಾಳಮ್ಮನವರ ಮೂಲಕ, ಅಂದರೆ ನಮ್ಮ ಅಜ್ಜಿಯ ಮೂಲಕ. ಅವಳ ಊಟ, ನಿದ್ದೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬ ಮಗನ ಕಡೆ. ಹಗಲೆಲ್ಲ ಮುಂದಿನ ಜಗಲಿಯ ನಟ್ಟನಡುವೆ, ಗೋಡೆ ಮುಗಿಯುವ ಜಾಗದಲ್ಲಿ ಕೂತಿರುತ್ತಾಳೆ. ಅಪ್ಪ ಬಲಗಡೆ ನಿಂತು “ಅವ್ವಾ, ಅವ್ನಿಗೆ ಹೇಳು, ವಾಲ್ವು ಲೀಕಾಯ್ತಾ ಐತೆ” ಎನ್ನುತ್ತಾನೆ. ಎರಡು ಮಾರು ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಚಿಕ್ಕಪ್ಪ “ಅವ್ವಾ, ನಂಗೂ ಕಣ್ಣೈತೆ ಅಂತ ಹೇಳು” ಎನ್ನುತ್ತಾನೆ. ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಇಬ್ಬರಿಗೂ ತಲೆಯಾಡಿಸುತ್ತಾಳೆ. ಅವಳು ಮಲಗಿದ್ದರೆ ಮಾತು ಹಸುವಿನ ಮೂಲಕ ನಡೆಯುತ್ತದೆ. ಹಸು ನಮ್ಮದು, ಆದರೆ ಪಕ್ಷಪಾತ ಮಾಡುವುದಿಲ್ಲ.

ಈ ಸಲದ ಜಿಲ್ಲಾ ಮಟ್ಟದ ಸ್ಪರ್ಧೆ ತುಮಕೂರಿನಲ್ಲಿ, ಶನಿವಾರ. ನಮ್ಮ ಗುಬ್ಬಿ ತಂಡ ಆಳುವ ಪಕ್ಷ, ಕುಣಿಗಲ್ ತಂಡ ವಿರೋಧ ಪಕ್ಷ. ವಿಷಯ ಹೀಗಿತ್ತು: ನೆರೆಯ ಕಾಲ್ಪನಿಕ ದೇಶವೊಂದು ಬೆಟ್ಟದ ಮರೆಯಲ್ಲಿ ಅಣುಬಾಂಬ್ ತಯಾರಿಸುತ್ತಿದೆ ಎಂಬ ಅನುಮಾನವಿದೆ, ಸೇನೆ ನುಗ್ಗಿಸಬೇಕೇ, ಮಾತುಕತೆ ನಡೆಸಬೇಕೇ? ಸೇನೆಯ ಪರ ನಾವು. ಭಾಷಣವನ್ನು ನಾನೇ ಬರೆದೆ. ಬರೆದದ್ದು ಎಷ್ಟು ಚೆನ್ನಾಗಿತ್ತೆಂದರೆ ನನಗೇ ನನ್ನ ಮೇಲೆ ಸ್ವಲ್ಪ ಭಯವಾಯಿತು.

ಬುಧವಾರ ಸಂಜೆ ಅಜ್ಜಿಯನ್ನೇ ಸಭಾಧ್ಯಕ್ಷೆ ಮಾಡಿ ಜಗಲಿಯ ಮುಂದೆ ತಾಲೀಮಿಗೆ ನಿಂತೆ.

“ಮಾನ್ಯ ಸಭಾಧ್ಯಕ್ಷರೇ, ಪಕ್ಕದವರು ಪರದೆ ಕಟ್ಟಿಕೊಂಡು ಏನೋ ತೋಡುತ್ತಿದ್ದಾರೆ. ಯಾರನ್ನೂ ಒಳಗೆ ಬಿಡುತ್ತಿಲ್ಲ. ಒಳ್ಳೆಯ ಕೆಲಸಕ್ಕೆ ಮುಸುಕೇಕೆ? ಕೆಲಸ ಮುಗಿದ ಮೇಲೆ ನಾವು ಅವರ ಕಾಲು ಹಿಡಿಯಬೇಕಾಗುತ್ತದೆ. ಮುಗಿಯುವ ಮುನ್ನ ಕೆಡವಿದರೆ ಒಂದು ದಿನದ ಮಾತು. ಮಾತುಕತೆ ಎಂದರೆ ಅವರಿಗೆ ಟೈಮ್ ಕೊಡುವುದು, ಅಷ್ಟೇ!”

ಅಜ್ಜಿ “ಗಂಟ್ಲು ಒಣಗ್ತೈತೆ, ನೀರ್ ಕುಡಿ” ಎಂದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಮಾತ್ರ ಬೇರೆಯೇ ಆಗಿತ್ತು.

“ಇನ್ನೊಂದ್ಸಲ ಹೇಳಮ್ಮ ಹೇಮಾ” ಎಂದ. ಹೇಳಿದೆ. ಮೂರನೇ ಸಲವೂ ಹೇಳಿಸಿದ. ನಾನು ಮೆಚ್ಚುಗೆ ಎಂದುಕೊಂಡು ಹಿಗ್ಗಿದೆ.

ಆ ವಾರ ಊರಿಗೆಲ್ಲ ಗೊತ್ತಿದ್ದ ಒಂದು ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಹದಿನೈದು ದಿನದಿಂದ ಚಿಕ್ಕಪ್ಪ ತನ್ನ ಹಿತ್ತಲಿಗೆ ಆಳೆತ್ತರ ಹಸಿರು ನೆಟ್ ಕಟ್ಟಿಸಿದ್ದ. ಅದರ ಮೇಲೆ ಶೆಡ್ಡಿನಂಥದ್ದೊಂದರ ತಲೆ ಮಾತ್ರ ಕಾಣುತ್ತಿತ್ತು. ಒಳಗಿನಿಂದ ದಿನವೂ ಗುರ್ ಎಂದು ಯಂತ್ರದ ಸದ್ದು. ಎದುರು ಮನೆಯ ಜುಂಜಪ್ಪ ನಮ್ಮೂರಿನ ಗುಪ್ತಚರ ಇಲಾಖೆ, ಆ ಮನುಷ್ಯ ಅಪ್ಪನ ಬಳಿ ಬಂದು, “ರಂಗಣ್ಣ, ನಾನೇ ಕಣ್ಣಾರೆ ಕಂಡೆ. ಏಳಿಂಚಿನ ಪೈಪು. ಕೇಸಿಂಗ್ ಪೈಪಲ್ದೆ ಇನ್ನೇನು? ಬೋರು ಕೊರಸ್ತಾವ್ನೆ” ಎಂದಿದ್ದ. ಅಪ್ಪ ಅಜ್ಜಿಯ ಮೂಲಕ ಎರಡು ಸಲ ವಿಚಾರಿಸಿದ. “ನನ್ ಹಿತ್ಲು, ನನ್ ಇಷ್ಟ ಅಂತ ಹೇಳವ್ವ” ಎಂದು ಎರಡು ಸಲವೂ ಉತ್ತರ ಬಂತು. ಇನ್ನೊಂದು ಬೋರು ಬಿದ್ದರೆ ಹಳೆಯದರಲ್ಲಿ ನೀರು ಉಳಿಯುವುದಿಲ್ಲ, ತೋಟ ಒಣಗುತ್ತದೆ ಎಂದು ಅಪ್ಪ ರಾತ್ರಿ ಉಣ್ಣುವಾಗಲೂ ಗೊಣಗುತ್ತಿದ್ದ. ಗೊಣಗಾಟದಾಚೆಗೆ ಮಾತ್ರ ಹೋಗಿರಲಿಲ್ಲ. ಆಚೆಗೆ ದಾಟಿಸಿದವಳು ನಾನು.

ಗುರುವಾರ ಬೆಳಿಗ್ಗೆ ಅಪ್ಪ ಫೋನಿನಲ್ಲಿದ್ದ. “ರವೀಶಾ, ಭಾನುವಾರ ಎಂಟ್ ಗಂಟೆಗೆ ಜೆಸಿಬಿ ತಗೊಂಡ್ ಬಾ. ಗುಂಡಿ ಮುಚ್ಚೋದೈತೆ, ಶೆಡ್ ಕೆಡವೋದೈತೆ.” ಫೋನಿಟ್ಟು ನನ್ನ ಕಡೆ ತಿರುಗಿ, ನನ್ನ ಇಡೀ ಜನ್ಮದಲ್ಲಿ ನೋಡದಷ್ಟು ಹೆಮ್ಮೆಯಿಂದ, “ನೀನೇ ಸರ್ಯಾಗಿ ಹೇಳ್ದೆ ಕಣಮ್ಮ. ಮುಗಿಯೋಕೆ ಮುಂಚೆ ಕೆಡವ್ಬೇಕು” ಎಂದ.

ನನ್ನ ಕೈಯಲ್ಲಿದ್ದ ಚಿತ್ರಾನ್ನದ ತಟ್ಟೆ ಅಲ್ಲೇ ನಿಂತಿತು. ಚಿಕ್ಕಪ್ಪನ ಕೋಪ ನನಗೆ ಗೊತ್ತು. ಹಿಂದೊಮ್ಮೆ ಬೇಲಿಯ ವಿಷಯಕ್ಕೆ ಟ್ರ್ಯಾಕ್ಟರಿನ ಮುಂದೆ ಅಂಗಾತ ಮಲಗಿದ್ದ ಆಸಾಮಿ. ಜೆಸಿಬಿಯ ಮುಂದೆಯೂ ಮಲಗುತ್ತಾನೆ. ಅಪ್ಪ ನಿಲ್ಲಿಸು ಎನ್ನುವುದಿಲ್ಲ. ಆಮೇಲೆ ಆಸ್ಪತ್ರೆಯೋ, ಸ್ಟೇಷನ್ನೋ.

“ಅಪ್ಪಾ, ಅದು ಕಾಂಪಿಟೇಷನ್‌ಗೆ ಬರ್ದಿದ್ದು. ನಂಗೆ ಆ ಸೈಡ್ ಕೊಟ್ಟವ್ರೆ, ಅದಕ್ಕೆ ಹಂಗ್ ಬರ್ದೆ!”

“ಯಾವ ಸೈಡಾದ್ರೇನು, ನಿಜ ನಿಜಾನೇ” ಎಂದು ಅಪ್ಪ ತೋಟಕ್ಕೆ ಹೊರಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದನ್ನು ಮೂರು ಮೂರು ಸಲ ಆಡಿದ್ದೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಮ್ಮ ಹೇಳಿನೋಡಿದಳು, ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿಗೆ ಹೇಳೋಣವೆಂದರೆ ಎಪ್ಪತ್ತೆಂಟರ ಆ ಜೀವ ಗಾಬರಿಯಾದೀತೆಂದು ಭಯ. ಮಂಡಿನೋವಿನಿಂದ ಅವಳೇ ನರಳುತ್ತಿದ್ದಳು. ಕಕ್ಕಸಿನಲ್ಲಿ ಕೂತರೆ ಏಳಲಾಗುವುದಿಲ್ಲವೆಂದು ಅಪ್ಪ ಮೇಲಿನ ಜಂತೆಗೆ ಒಂದು ಹಗ್ಗ ಕಟ್ಟಿದ್ದ. ಅದನ್ನು ಹಿಡಿದು ದೇವರ ಹೆಸರು ಹೇಳುತ್ತಾ ಏಳುತ್ತಿದ್ದಳು.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಜೊತೆಯೇ ತುಮಕೂರಿಗೆ ಹೊರಟ. ಮಗಳು ಪ್ರಧಾನಿಯಾಗುವುದನ್ನು ನೋಡಬೇಕಲ್ಲ! ಸಭಾಂಗಣದ ಮೂರನೇ ಸಾಲಿನಲ್ಲಿ, ಕೈಕಟ್ಟಿ ಕೂತ.

ನನ್ನ ಭಾಷಣ ಚೆನ್ನಾಗಿಯೇ ಆಯಿತು. ಚಪ್ಪಾಳೆ ಬಿತ್ತು, ಅನಂತರಾಜು ಸಾರ್ ಹೆಬ್ಬೆರಳು ಎತ್ತಿ ತೋರಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಪ್ಪ. ಒಂದೊಂದು ಚಪ್ಪಾಳೆಯೂ ನನಗೆ ಜೆಸಿಬಿಯ ಬಕೆಟ್ಟಿನ ಸದ್ದಾಗಿಯೇ ಕೇಳಿಸಿತು.

ಆಮೇಲೆ ವಿರೋಧ ಪಕ್ಷದ ನಾಯಕಿ ಎದ್ದಳು. ಕುಣಿಗಲ್‌ನ ಹರ್ಷಿತಾ. ಸಣ್ಣ ಹುಡುಗಿ, ಕನ್ನಡಕ, ಕೈಯಲ್ಲಿ ಒಂದೇ ಒಂದು ಚೀಟಿ. ಕೂಗಾಡಲೇ ಇಲ್ಲ.

“ಮಾನ್ಯ ಸಭಾಧ್ಯಕ್ಷರೇ, ಪ್ರಧಾನಿಯವರಿಗೆ ನನ್ನದು ಮೂರೇ ಪ್ರಶ್ನೆ. ಒಂದು, ಕಟ್ಟಡವನ್ನು ಒಡೆಯಬಹುದು. ಕಟ್ಟಿದವರ ತಲೆಯಲ್ಲಿರುವ ವಿದ್ಯೆಯನ್ನು ಒಡೆಯುವುದು ಹೇಗೆ? ನಾಳೆ ಅವರು ಇನ್ನೂ ಆಳದಲ್ಲಿ, ಇನ್ನೂ ದೊಡ್ಡ ಮುಸುಕು ಹಾಕಿ ಕಟ್ಟುವುದಿಲ್ಲವೇ? ಎರಡು, ಅಲ್ಲಿ ನಿಜವಾಗಿಯೂ ಬಾಂಬಿನ ಸಾಮಾನು ಇದ್ದು ನಾವು ಹೊಡೆದರೆ, ಆ ಧೂಳು ಗಡಿ ಕೇಳಿಕೊಂಡು ಹಾರುತ್ತದೆಯೇ? ಗಾಳಿ ನಮ್ಮ ಕಡೆ ಬೀಸಿದರೆ ಯಾರ ಮಕ್ಕಳು ಕೆಮ್ಮಬೇಕು? ಮೂರು, ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು. ಅಲ್ಲಿ ಬಾಂಬು ಇದೆಯೆಂದು ನೋಡಿದವರು ಯಾರು?”

ನಾನು ಉತ್ತರಕ್ಕೆ ಎದ್ದೆ. ಸಾರ್ ಬರೆಸಿದ್ದ ಉತ್ತರ ಕೈಯಲ್ಲೇ ಇತ್ತು: “ನಂಬಲರ್ಹ ಮೂಲಗಳಿಂದ ಸರ್ಕಾರಕ್ಕೆ ಖಚಿತ ಮಾಹಿತಿ ಬಂದಿದೆ.” ‘ನಂಬಲರ್ಹ’ ಎನ್ನುವ ಹೊತ್ತಿಗೆ ಜುಂಜಪ್ಪನ ಮುಖ ಕಣ್ಣ ಮುಂದೆ ಬಂತು. ಆ ಮನುಷ್ಯ ಒಮ್ಮೆ ಕಡಬದ ಕೆರೆಯಲ್ಲಿ ಮೊಸಳೆ ಕಂಡೆನೆಂದು ಊರನ್ನೇ ಏರಿಯ ಮೇಲೆ ನಿಲ್ಲಿಸಿದ್ದ. ಬಂದದ್ದು ತೆಂಗಿನ ಮರದ ದಿಮ್ಮಿ.

ಸಭಾಧ್ಯಕ್ಷ ಹುಡುಗ “ಮಾನ್ಯ ಪ್ರಧಾನಮಂತ್ರಿಗಳು ಉತ್ತರಿಸಬೇಕು” ಎಂದು ಎರಡನೇ ಸಲ ಹೇಳಿದ. ನಾನು ಆ ಚೀಟಿಯನ್ನು ಮಡಚಿದೆ.

“ಮಾನ್ಯ ಸಭಾಧ್ಯಕ್ಷರೇ,” ಎಂದೆ, ಆದರೆ ಕಣ್ಣು ಮೂರನೇ ಸಾಲಿನ ಮೇಲಿತ್ತು. “ನೋಡಿದವರು ಯಾರೂ ಇಲ್ಲ. ಯಾರೋ ಬೇಲಿಯ ಆಚೆಯಿಂದ ಪೈಪು ಕಂಡೆ ಎಂದರು. ನಾವು ನಂಬಿದೆವು, ಏಕೆಂದರೆ ನಮಗೆ ಅವರ ಮೇಲೆ ಮೊದಲೇ ಸಿಟ್ಟಿತ್ತು. ನಾನು ಮೊದಲು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಎರಡೂ ಕಡೆಯವರು ಒಪ್ಪುವ ಒಬ್ಬರು ಒಳಗೆ ಹೋಗಿ ನೋಡಿ ಬರಲಿ. ಅಲ್ಲಿಯವರೆಗೆ ನಮ್ಮ ಸೇನೆ ಗಡಿ ದಾಟುವುದಿಲ್ಲ. ಹೊಡೆಯುವುದು ಒಂದು ದಿನದ ಕೆಲಸ ಎಂದಿದ್ದೆ. ಅದು ಸುಳ್ಳು. ಹೊಡೆದ ಮೇಲೆ ಎಷ್ಟು ವರ್ಷ ಅವರ ಪಕ್ಕದಲ್ಲೇ ಬದುಕಬೇಕು ಎಂದು ನಾನು ಲೆಕ್ಕ ಹಾಕಿರಲಿಲ್ಲ.”

ಅನಂತರಾಜು ಸಾರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನ್ನ ರಕ್ಷಣಾ ಸಚಿವ ಪಕ್ಕದಿಂದ “ಏನೇ ಇದು, ನಮ್ ಸೈಡಲ್ಲಿದ್ಕೊಂಡು!” ಎಂದು ನೇರವಾಗಿಯೇ ಬೈದ. ಸರ್ಕಾರವೇ ನಿಲುವು ಬಿಟ್ಟುಕೊಟ್ಟಿದ್ದರಿಂದ ಗುಬ್ಬಿ ತಂಡಕ್ಕೆ ಅಂಕ ಕಡಿತ ಎಂದು ತೀರ್ಪುಗಾರರು ಹೇಳಿದರು. ಹರ್ಷಿತಾಗೆ ಮೊದಲ ಬಹುಮಾನ, ನನಗೆ ಭಾಗವಹಿಸಿದ ಪ್ರಮಾಣಪತ್ರ. ಹೊರಡುವಾಗ ಹರ್ಷಿತಾ ಹತ್ತಿರ ಬಂದು “ಯಾಕ್ ಹಂಗ್ ಮಾಡಿದ್ರಿ? ನೀವೇ ಗೆಲ್ತಿದ್ರಿ” ಎಂದಳು. ಮನೆಯ ವಿಷಯವನ್ನು ಎಲ್ಲಿಂದ ಶುರುಮಾಡಿ ಹೇಳುವುದು? ಸುಮ್ಮನೆ ನಕ್ಕೆ.

ವಾಪಸ್ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಕೂತ. ಗುಬ್ಬಿ ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿ, ಕಿಟಕಿಗೇ ಹೇಳುವಂತೆ, “ಎರಡೂ ಕಡೆ ಒಪ್ಪೋರು ಯಾರವ್ರೆ?” ಎಂದ.

ನಾನೂ ಮುಂದಿನ ಸೀಟಿಗೆ ಹೇಳುವಂತೆ, “ಅಜ್ಜಿ” ಎಂದೆ.

ಕಿಟಕಿಗೆ ಇನ್ನೊಂದು ಮಾತು ಸಿಕ್ಕಿತು. “ಜೆಸಿಬಿ ಬಂದೇ ಬತ್ತದೆ. ಅವ್ವ ಮೊದ್ಲು ನೋಡ್ಲಿ. ಬೋರೇ ಆಗಿದ್ರೆ ನಾನು ಬುಡಾಕಿಲ್ಲ.”

ಭಾನುವಾರ ಎಂಟಕ್ಕೆ ಸರಿಯಾಗಿ ರವೀಶನ ಹಳದಿ ಜೆಸಿಬಿ ಓಣಿಯೊಳಗೆ ನುಗ್ಗಿ ಬಂತು. ಜುಂಜಪ್ಪ ಕಾಫಿ ಲೋಟದ ಸಮೇತ ಹೊರಗೆ ಬಂದ. ಚಿಕ್ಕಪ್ಪ ನೆಟ್ಟಿನ ಮುಂದೆ ಎರಡೂ ಕೈ ಅಗಲಿಸಿ ನಿಂತ. ನಾನು ಅಜ್ಜಿಯ ಕೈಹಿಡಿದು ಕರೆದುಕೊಂಡು ಹೋದೆ. ದಾರಿಯಲ್ಲೇ ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಗಾಬರಿಯಾಗುತ್ತಾಳೆಂದು ಹೆದರಿದ್ದೆನಲ್ಲ, ಅವಳು ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೇ.

“ಅವ್ವಾ, ನೀನ್ ಈಗ ಬರ್ಬ್ಯಾಡ” ಎಂದ ಚಿಕ್ಕಪ್ಪ. “ಅಮಾಸೆ ಆಗ್ಲಿ, ನಾನೇ ಕರ್ಕೊಂಡೋಗ್ ತೋರಿಸ್ತೀನಿ.”

“ನೋಡ್ದಾ?” ಎಂದು ಅಪ್ಪ ಹಸುವಿಗೆ ಹೇಳಿದ. “ಮುಚ್ಚಿಡೋಕೆ ಏನೋ ಐತೆ.”

ಅಜ್ಜಿ ಕೋಲಿನಿಂದ ಚಿಕ್ಕಪ್ಪನ ಕೈಯನ್ನು ಪಕ್ಕಕ್ಕೆ ತಳ್ಳಿದಳು. “ಈ ಮನೇಲಿ ನಂಗೆ ಬಾಗ್ಲಾಕೋ ಗಂಡ್ಸು ಇನ್ನೂ ಹುಟ್ಟಿಲ್ಲ. ಸರ್ಕೊಳ್ಳೋ.” ನೆಟ್ಟನ್ನು ಎತ್ತಿ ಒಳಗೆ ಹೋದಳು. ಹಿಂದೆ ನಾನು.

ಒಳಗೆ ಬೋರು ಇರಲಿಲ್ಲ. ಚಿಕ್ಕಪ್ಪನ ಮಲಗುವ ಕೋಣೆಗೆ ಅಂಟಿಕೊಂಡಂತೆ ಹೊಸದೊಂದು ಪುಟ್ಟ ಕೋಣೆ ಎದ್ದಿತ್ತು. ಮೆಟ್ಟಿಲಿಲ್ಲ, ಇಳಿಜಾರು. ನೆಲಕ್ಕೆ ಜಾರದ ಟೈಲ್ಸ್. ಗೋಡೆಗೆ ಎರಡು ಕಡೆ ಸ್ಟೀಲಿನ ಹಿಡಿಕೆ. ಗುರ್ ಎನ್ನುತ್ತಿದ್ದದ್ದು ಟೈಲ್ಸ್ ಕತ್ತರಿಸುವ ಯಂತ್ರ, ಹಿಡಿಕೆಗೆ ತೂತು ಕೊರೆಯುವ ಡ್ರಿಲ್ಲು. ನಡುವೆ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚದ ಬಿಳಿ ಕಮೋಡು. ಕೋಣೆಯ ಹೊರಗೆ, ನೆಟ್ಟಿನ ಮರೆಯಲ್ಲೇ, ಓಣಿಯ ಪಕ್ಕ ಅರ್ಧ ತೋಡಿದ ಕಕ್ಕಸಿನ ಇಂಗುಗುಂಡಿ, ಆರಡಿಗೇ ಬಂಡೆ ಸಿಕ್ಕಿ ನಿಂತದ್ದು. ಪಕ್ಕದಲ್ಲಿ ಸಿಮೆಂಟ್ ರಿಂಗುಗಳು, ನಾಲ್ಕಿಂಚಿನ ಪೈಪುಗಳು. ಅವೇ ಜುಂಜಪ್ಪನ ಬಾಯಲ್ಲಿ ಏಳಿಂಚಾಗಿದ್ದವು.

ಅಜ್ಜಿ ಕೋಲಿನಿಂದ ಟೈಲ್ಸನ್ನು ಕುಟ್ಟಿ ನೋಡಿದಳು. ಆಮೇಲೆ ನಿಧಾನವಾಗಿ ಹೋಗಿ, ಸೀರೆ ಒಟ್ಟು ಮಾಡಿಕೊಂಡು, ಪ್ಲಾಸ್ಟಿಕ್ ಕವರಿನ ಮೇಲೆಯೇ ಕೂತಳು. ಎರಡೂ ಹಿಡಿಕೆ ಹಿಡಿದಳು. ಎದ್ದಳು. ಮತ್ತೆ ಕೂತಳು. ಮತ್ತೆ ಎದ್ದಳು. ದೇವರ ಹೆಸರು ಹೇಳಲೇ ಇಲ್ಲ.

“ಯಾಕೆ ಹೇಳ್ಲಿಲ್ಲ ಚಿಕ್ಕಪ್ಪಾ?” ಎಂದೆ. ನನ್ನ ದನಿ ಅಳುವಂತಿತ್ತು.

“ಹೇಳಿದ್ರೆ ನಿಮ್ಮಪ್ಪ ನನಗಿಂತ ಮುಂಚೆ ಕಟ್ಟಿಸ್ಬುಡ್ತಿದ್ದ” ಎಂದ ಚಿಕ್ಕಪ್ಪ, ತಲೆ ತಗ್ಗಿಸಿ. “ಅವ್ವ ನನ್ ಸರದೀಲಿ ಬರೋ ಹೊತ್ಗೆ ಆಗ್ಲಿ ಅಂತಿದ್ದೆ. ಬಂಡೆ ಅಡ್ಡ ಬಂತು.”

ಹೊರಗಿನಿಂದ ಅಪ್ಪನ ದನಿ. “ಹೇಮಾ, ಅಜ್ಜೀನ ಕೇಳು, ಏನೈತೆ ಒಳ್ಗೆ?”

ಅಜ್ಜಿ ಕೂತಲ್ಲಿಂದಲೇ ಕೂಗಿದಳು. “ಬಾಂಬೂ ಇಲ್ಲ ಬೋರೂ ಇಲ್ಲ ಕಣ್ಲಾ! ನಿಮ್ಮವ್ವ ಹಗ್ಗ ಬುಟ್ಟು ಕೂತ್ಕಳೋ ಜಾಗ ಐತೆ. ಬಂದ್ ನೋಡು!”

ಅಪ್ಪ ಬಂದ. ಆರು ವರ್ಷದಿಂದ ಕಾಲಿಡದ ಹಿತ್ತಲಿಗೆ ಚಪ್ಪಲಿ ಬಿಟ್ಟು ಬಂದ. ಹಿಡಿಕೆಗಳನ್ನು ಮುಟ್ಟಿದ, ಇಳಿಜಾರನ್ನು ನೋಡಿದ. ಆಮೇಲೆ ಗೋಡೆಯಾಚೆ, ನಮ್ಮ ಕಡೆಯ ಕಕ್ಕಸಿನ ಬಾಗಿಲ ಕಡೆ ನೋಡಿದ. ಒಳಗೆ ಆ ಹಗ್ಗ ತೂಗುತ್ತಿತ್ತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. “ಎರಡ್ ವರ್ಷದಿಂದ ಮಾಡಿಸ್ತೀನಿ ಮಾಡಿಸ್ತೀನಿ ಅಂತಾನೇ ಇದ್ದೆ” ಎಂದ. ಯಾರ ಮೂಲಕವೂ ಅಲ್ಲ, ತನಗೇ ಹೇಳಿಕೊಂಡ. ಅಪ್ಪನ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು. ಇಲ್ಲಿ ಇವತ್ತು ಕೆಡವುವುದಕ್ಕೆ ಬಂದಿದ್ದೆವಲ್ಲ ಎಂದು ನೆನೆದು ಮೈ ಜುಮ್ಮೆಂದಿತು. ಕೆಡವಲಿಲ್ಲವಲ್ಲ ಎಂದು ಜೀವ ತಣ್ಣಗಾಯಿತು.

ರವೀಶ ಜೆಸಿಬಿಯ ಮೇಲಿನಿಂದ ಇಣುಕಿದ. “ಅಣ್ಣಾ, ಗುಂಡಿ ಮುಚ್ಚೋದಾ, ಹೆಂಗೆ?”

ಅಪ್ಪ ಗಂಟಲು ಸರಿ ಮಾಡಿಕೊಂಡ. “ಅವ್ವಾ, ಅವ್ನಿಗೆ ಕೇಳು, ಇಂಗುಗುಂಡಿ ಇನ್ನೂ ಎಷ್ಟಡಿ ಬೇಕು?”

“ಅವ್ವಾ, ನಾಕಡಿ ಬೇಕು ಅಂತ ಹೇಳು” ಎಂದ ಚಿಕ್ಕಪ್ಪ.

“ತೋಡ್ಲಾ ರವೀಶಾ!” ಎಂದಳು ಅಜ್ಜಿ.

ಜುಂಜಪ್ಪ ಲೋಟ ಹಿಡಿದು ಒಳಗೆ ಹೋದ. ನೆಟ್ ಬಿಚ್ಚಿದ ಮೇಲೆ ಜೆಸಿಬಿ ಗುಂಡಿಯ ಪಕ್ಕ ನಿಂತು ಬಂಡೆಗೆ ಬಕೆಟ್ಟಿನ ಹಲ್ಲು ಹಾಕಿತು. ಆ ಸದ್ದಿಗೆ ಅಜ್ಜಿಗೆ ಏನೂ ಕೇಳಿಸದಾಯಿತು. ಅಪ್ಪ ಗುಂಡಿಗೆ ಬೆನ್ನು ಹಾಕಿ ಅಂಚಿನಲ್ಲಿ ನಿಂತು, ರವೀಶನಿಗೆ ಕೈಯಲ್ಲೇ ದಾರಿ ತೋರಿಸುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಬೆನ್ನ ಹಿಂದೆ ಹಸಿ ಮಣ್ಣು ಬಿರುಕು ಬಿಟ್ಟಿದ್ದನ್ನು ಅವನು ನೋಡಲಿಲ್ಲ. ಚಿಕ್ಕಪ್ಪ ನೋಡಿದ. “ಅವ್ವಾ, ಅವ್ನಿಗೆ ಹೇಳು...” ಎಂದು ಶುರುಮಾಡಿದ. ಅಜ್ಜಿ ಕಿವಿಗೆ ಕೈ ಇಟ್ಟು “ಏನು?” ಎಂದಳು.

“ಅಣ್ಣಾ! ಹಿಂದಕ್ಕೋಗ್ಬ್ಯಾಡ! ಮಣ್ಣು ಕುಸೀತೈತೆ!”

ಅಪ್ಪ ನಿಂತ. ಅಷ್ಟರಲ್ಲಿ ಚಿಕ್ಕಪ್ಪ ಓಡಿಬಂದು ಅಪ್ಪನ ಅಂಗಿಯ ತೋಳನ್ನು ಹಿಡಿದು ಎಳೆದಿದ್ದ. ಅಂಚಿನ ಮಣ್ಣು ದಬದಬ ಗುಂಡಿಗೆ ಬಿತ್ತು. ರವೀಶ ಎಂಜಿನ್ ಆರಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು.

“ಹೂಂ ಕಣ್ಲಾ” ಎಂದ ಅಪ್ಪ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಮುಚ್ಚುಮರೆಯಿಲ್ಲದೆ.

ಮಧ್ಯಾಹ್ನ ಚಿಕ್ಕಮ್ಮ ಎಲ್ಲರಿಗೂ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಅಣ್ಣತಮ್ಮ ಎದುರುಬದುರು ಕೂತಿದ್ದರು. ಎರಡನೇ ಮುದ್ದೆಗೆ ಅಪ್ಪ ತಲೆಯೆತ್ತದೆ, “ಆ ಮೋಟರ್ ಮಾತ್ರ ನಿನ್ ಸರದೀಲೇ ಸುಟ್ಟಿದ್ದು ಕಣ್ಲಾ ಅಂಜನಿ” ಎಂದ.

“ಸುಳ್ಳು! ಅವತ್ತು ಮಂಗಳ್ವಾರ, ನಿಂದೇ ಸರದಿ!”

“ಸೋಮ್ವಾರ ಕಣೋ!”

“ಮಂಗಳ್ವಾರ!”

ಇಬ್ಬರ ದನಿಯೂ ಏರಿತು. ನಾನು ಗಾಬರಿಯಾಗಿ ಅಜ್ಜಿಯ ಕಡೆ ನೋಡಿದೆ. ಅವಳು ಇತ್ತ ತಿರುಗಿಯೂ ನೋಡದೆ ಆರಾಮಾಗಿ ಸಾರು ಹೀರುತ್ತಿದ್ದಳು. ಆರು ವರ್ಷದಲ್ಲಿ ಮೊದಲ ಸಲ ಅವಳಿಗೆ ಯಾರೂ ಏನನ್ನೂ ಹೇಳು ಎನ್ನಲಿಲ್ಲ.